ಕೂಸಿಗೆ ಇರುಳಿನ ಪಾಠ

“ಕೂಸು ರಾತ್ರಿಯನ್ನು ಹಗಲು ಮಾಡಿಕೊಂಡಿದೆ” ಎಂಬ ಮಾತನ್ನು ಬಾಣಂತಿಯ ಮನೆಯಲ್ಲಿ ಕೇಳದವರು ವಿರಳ. ಮಾತಿನಲ್ಲಿ ನಗೆಯೂ ಉಂಟು, ದೂರೂ ಉಂಟು. ಆದರೆ ಹಗಲೆಂಬುದನ್ನೇ ಅರಿಯದ ಕೂಸನ್ನು ದೂರಿ ಫಲವೇನು? ಹುಟ್ಟಿದ ಹೊಸದರಲ್ಲಿ ಅದು ದಿನಕ್ಕೆ 14ರಿಂದ 17 ಗಂಟೆಗಳ ಕಾಲ ನಿದ್ರಿಸುತ್ತದೆ, ನಿಜ. ಆದರೆ ಆ ನಿದ್ದೆ ತುಂಡುತುಂಡಾದುದು. ಪುಟ್ಟ ಹೊಟ್ಟೆ ಎರಡು ಮೂರು ಗಂಟೆಗೊಮ್ಮೆ ಹಾಲು ಬೇಡುತ್ತದೆ. ಹಗಲಿರುಳುಗಳ ಅಳತೆ ಅದರ ಮೈಯಲ್ಲಿ ಮೂಡಲು ಎರಡು ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಅದನ್ನು ಹಟಮಾರಿ ಎನ್ನುವುದು, ಅಕ್ಷರ ಕಲಿಸುವ ಮೊದಲೇ ಹುಡುಗನಿಗೆ ಓದು ಬಾರದೆಂದು ಗದರಿದಂತೆ.

ಈ ಪಾಠವನ್ನು ಹೇಳಿಕೊಡಬೇಕಾದವರು ಮನೆಯವರು. ಅದಕ್ಕೆ ಬೆಳಕು, ಕತ್ತಲೆ, ಕ್ರಮ—ಇವು ಮೂರು ಸಾಕು. ಹಗಲಿನಲ್ಲಿ ಕಿಟಕಿ ತೆರೆದಿರಲಿ. ಮಾತುಕತೆ, ಪಾತ್ರೆಗಳ ಸದ್ದು ಎಂದಿನಂತೆ ನಡೆಯಲಿ. ಎಚ್ಚರವಿದ್ದಾಗ ಮಗುವಿನೊಡನೆ ಆಡಿರಿ. ಸಂಜೆ ಕಳೆದ ಮೇಲೆ ದೀಪ ಮಂದವಾಗಲಿ, ರೇಡಿಯೊ ದನಿ ತಗ್ಗಲಿ, ಮೊಬೈಲಿನ ಬೆಳಕು ದೂರವಿರಲಿ. ನಡುರಾತ್ರಿ ಹಾಲೂಡುವಾಗ, ಬಟ್ಟೆ ಬದಲಿಸುವಾಗ ಮಾತೂ ಬೇಡ, ಆಟವೂ ಬೇಡ.

ಮೈ ಒರಸುವುದು, ಹಾಲು, ಜೋಗುಳ, ಹಾಸಿಗೆ—ದಿನವೂ ಇದೇ ಸರಣಿ, ಇದೇ ಹೊತ್ತು. ಜೋಗುಳದ ‘ಜೋ ಜೋ’ಗೆ ಅರ್ಥಕ್ಕಿಂತ ಆವೃತ್ತಿಯೇ ಬಲ. ನಿಮ್ಮ ಕಂಠ ಇಂಪಾಗಿರಬೇಕೆಂದಿಲ್ಲ. ನಿನ್ನೆಯ ಹಾಡೇ ಇಂದೂ ಬಂದರೆ ಸಾಕು. ಮೊದಲ ಕೆಲವು ತಿಂಗಳು ಕಳೆದ ಮೇಲೆ, ಕೂಸು ಇನ್ನೂ ತೂಕಡಿಸುತ್ತಿರುವಾಗಲೇ ಹಾಸಿಗೆಗೆ ಇಳಿಸಿ ನೋಡಿ. ನಡುವೆ ಎಚ್ಚರವಾದಾಗ ತಾನಾಗಿ ಮರಳಿ ಮಲಗುವುದನ್ನು ಅದು ಮೆಲ್ಲಗೆ ಕಲಿಯುತ್ತದೆ.

ಇನ್ನೊಂದು ಸಂಗತಿ. 1953ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು, ನಿದ್ದೆಯಲ್ಲಿ ಕಣ್ಣಾಲಿಗಳು ಚುರುಕಾಗಿ ಚಲಿಸುವ ಒಂದು ಅವಸ್ಥೆಯನ್ನು ಲೋಕಕ್ಕೆ ತಿಳಿಸಿದರು. ಎಳೆಗೂಸಿನ ನಿದ್ದೆಯಲ್ಲಿ ಸುಮಾರು ಅರ್ಧಪಾಲು ಇಂಥದೇ. ಆಗ ಅದು ಕೈಕಾಲು ಅಲುಗಿಸುತ್ತದೆ, ಮುಖ ಕಿವಿಚುತ್ತದೆ, ಮುಲುಗುತ್ತದೆ. ಆದರೂ ನಿದ್ದೆಯಲ್ಲೇ ಇರುತ್ತದೆ. ಕೂಡಲೇ ಎತ್ತಿಕೊಂಡರೆ ನಾವೇ ಎಬ್ಬಿಸಿದಂತಾಗುತ್ತದೆ. ಒಂದೆರಡು ನಿಮಿಷ ಕಾದು ನೋಡಿ. ಅಳು ನಿಜವಾದರೆ ಎತ್ತಿಕೊಳ್ಳಿ.

ಮಲಗಿಸುವ ಬಗೆಯಲ್ಲಿ ಮಾತ್ರ ಎಚ್ಚರ ತಪ್ಪಬಾರದು. ಮಗುವನ್ನು ಅಂಗಾತ ಮಲಗಿಸಿ. ಹಾಸಿಗೆ ಗಟ್ಟಿಯಾಗಿ, ಸಮವಾಗಿರಲಿ. ದಿಂಬು, ದಪ್ಪ ಹೊದಿಕೆ ಬೇಡ. ಸೀರೆಯ ಜೋಲಿಯಲ್ಲಿ ಗದ್ದ ಎದೆಗೊತ್ತಿ ಉಸಿರಿಗೆ ತೊಡಕಾಗಬಹುದು; ರಾತ್ರಿಯಿಡೀ ಅದರಲ್ಲಿ ಬಿಡಬೇಡಿ. ಬ್ರಿಟನ್ನಿನಲ್ಲಿ 1991ರಲ್ಲಿಯೂ ಅಮೆರಿಕದಲ್ಲಿ 1994ರಲ್ಲಿಯೂ ಅಂಗಾತ ಮಲಗಿಸಿರೆಂದು ಪ್ರಚಾರ ನಡೆಯಿತು. ನಿದ್ದೆಯಲ್ಲಿ ಹಠಾತ್ತಾಗಿ ಸಾಯುವ ಕೂಸುಗಳ ಸಂಖ್ಯೆ ಮುಂದಿನ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು.

ನಿದ್ದೆಗೆಂದು ಔಷಧ ಕುಡಿಸುವುದಂತೂ ಸಲ್ಲದು. 1920ರ ದಶಕದಲ್ಲಿ ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೂಸುಗಳಿಗೆ ಅಫೀಮಿನ ‘ಬಾಲಗೋಲಿ’ ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಅದು ಬಡತನದ ನಿರ್ಬಂಧ. ಇಂದು ನೆಗಡಿಯ ಔಷಧವನ್ನು ನಿದ್ದೆಗೆಂದು ಹನಿಸುವವರಿಗೆ ಆ ನೆವವೂ ಇಲ್ಲ, ಅಪಾಯವಂತೂ ಉಂಟು. ಜ್ವರ ಬಂದರೆ, ಹಾಲು ಒಲ್ಲದಿದ್ದರೆ, ಅಳು ಎಂತು ಮಾಡಿದರೂ ನಿಲ್ಲದಿದ್ದರೆ ವೈದ್ಯರ ಬಳಿಗೆ ಹೋಗಿ.

ಕಡೆಯದಾಗಿ, ಮನೆಯ ಗಂಡಸರಿಗೂ ಹಿರಿಯರಿಗೂ ಒಂದು ಮಾತು. ಇರುಳೆಲ್ಲ ಎಚ್ಚರವಿದ್ದ ತಾಯಿಯ ಕೈ ಸೋಲುತ್ತದೆ, ಮನಸ್ಸು ಕುಗ್ಗುತ್ತದೆ. ಹಾಲೂಡಿದ ಮೇಲೆ ಕೂಸನ್ನು ಹೆಗಲಿಗೆ ಹಾಕಿ ತೇಗಿಸಲು, ಬಟ್ಟೆ ಬದಲಿಸಲು ಅಪ್ಪನ ಕೈಯೂ ಆದೀತು. ಮಧ್ಯಾಹ್ನ ಅಜ್ಜಿ ಒಂದು ಗಳಿಗೆ ನೋಡಿಕೊಂಡರೆ ಬಾಣಂತಿಗೆ ಕಣ್ಣು ಮುಚ್ಚಲು ಬಿಡುವಾಗುತ್ತದೆ. ಕೂಸು ಇರುಳಿನ ಪಾಠ ಕಲಿಯುವುದು ತಿಂಗಳುಗಳ ಕೆಲಸ. ತಾಯಿಗೆ ನಿದ್ದೆ ಇಂದೇ ಬೇಕು.