ಪುಟದ ಅಂದಕ್ಕಾಗಿ ಹತ್ತು ವರ್ಷ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಣಕ ವಿಜ್ಞಾನದ ನಿವೃತ್ತ ಪ್ರಾಧ್ಯಾಪಕ ಡೊನಾಲ್ಡ್ ಕನೂತ್ ಅವರ ಮಹಾಗ್ರಂಥದ ಮೊದಲ ಸಂಪುಟ ಬಂದದ್ದು 1968ರಲ್ಲಿ. ಗಣಕದ ಲೆಕ್ಕಾಚಾರಗಳ ವೇಗವನ್ನು ಗಣಿತದಿಂದ ಅಳೆಯುವ ಕ್ರಮ ಅದರಿಂದ ಬೇರೂರಿತು. 1974ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

1977ರಲ್ಲಿ ಎರಡನೇ ಸಂಪುಟದ ಪರಿಷ್ಕೃತ ಆವೃತ್ತಿಯ ಕರಡಚ್ಚು ಕೈಸೇರಿತು. ಅಕ್ಷರಗಳು ಕಣ್ಣಿಗೆ ಹಿಡಿಸಲಿಲ್ಲ. ಬರವಣಿಗೆ ಬದಿಗಿಟ್ಟು, ಅವರು ಅಕ್ಷರ ಜೋಡಿಸುವ ತಂತ್ರಾಂಶವನ್ನೇ ಕಟ್ಟತೊಡಗಿದರು. ಕೆಲವು ತಿಂಗಳೆಂದುಕೊಂಡ ಕೆಲಸ ಹೆಚ್ಚುಕಡಿಮೆ ಹತ್ತು ವರ್ಷ ಹಿಡಿಯಿತು. ಹಟ ಎನ್ನಬಹುದು. ಆದರೆ ಹಾಗೆ ಹುಟ್ಟಿದ ‘ಟೆಕ್’ ಅನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟುಬಿಟ್ಟರು. ಗಣಿತದ ಲೇಖನಗಳು ಇಂದಿಗೂ ಬಹುಪಾಲು ಅದರಲ್ಲೇ ಸಿದ್ಧವಾಗುತ್ತವೆ.

ಪುಸ್ತಕದಲ್ಲಿ ತಪ್ಪನ್ನು ಮೊದಲು ತೋರಿಸಿದವರಿಗೆ 2.56 ಡಾಲರಿನ ಚೆಕ್ ಹೋಗುತ್ತಿತ್ತು. ನಗದು ಮಾಡಿಸದೆ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡವರು ಅನೇಕರು. 1990ರಿಂದ ಕನೂತ್ ಇಮೇಲ್ ಬಿಟ್ಟಿದ್ದಾರೆ. ಮನೆಯಲ್ಲಿ ಪೈಪ್ ಆರ್ಗನ್ ಇದೆ. ಆ ವಾದ್ಯಕ್ಕೆಂದು ಅವರು ರಚಿಸಿದ ದೀರ್ಘ ಕೃತಿಯನ್ನು 2018ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಬಾರಿ ನುಡಿಸಲಾಯಿತು.