ಜಾತ್ರೆಯ ಸಿದ್ಧತೆ, ಭಕ್ತರ ಮಾನ



ಜಾತ್ರೆಗಳ ಸಂದಣಿಯೆಲ್ಲ ಒಂದೇ ಬಗೆಯದಲ್ಲ. ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿಯ ತೇರು ಬೀದಿಯಲ್ಲಿ ಸಾಗುತ್ತದೆ. ಜನವೂ ಅದರೊಂದಿಗೆ ಸಾಗುತ್ತಾರೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆ ನೆಲೆಸಿರುವುದು ಬೆಟ್ಟದ ಗುಹೆಯಲ್ಲಿ. ಮೆಟ್ಟಿಲೇರಿ ಹೋಗುವವರಿಗೆ ಇಕ್ಕಟ್ಟು ಬಹುಬೇಗ ಎದುರಾಗುತ್ತದೆ.

ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ದೇವಿಯ ಬಳಿ ಸಾಗುವ ಹರಕೆ ಚಂದ್ರಗುತ್ತಿಯಲ್ಲಿತ್ತು. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಹೋದ ಕಾರ್ಯಕರ್ತರು, ಪೊಲೀಸರ ಮೇಲೆ ಹಲ್ಲೆಯಾಯಿತು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಬಳಿಕ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಬಂದವರ, ಕಾವಲು ನಿಂತವರ ಮಾನ ಕಾಯುವುದೂ ಜಾತ್ರೆಯ ವ್ಯವಸ್ಥೆಯ ಭಾಗವೆಂಬುದು ಆ ಘಟನೆಯ ಪಾಠ.

ಇಂದು ಧ್ವನಿವರ್ಧಕ, ವೈರ್‌ಲೆಸ್, ಸಿಸಿಟಿವಿ, ಡ್ರೋನ್‌ಗಳಿವೆ. ಮೆಟ್ಟಿಲ ತಿರುವಿನ ಕ್ಯಾಮೆರಾದಲ್ಲಿ ಇಕ್ಕಟ್ಟು ಕಂಡೊಡನೆ ಕೆಳಗಿನವರನ್ನು ತುಸು ತಡೆದರೆ ನೂಕುನುಗ್ಗಲು ತಪ್ಪೀತು. ಅದೇ ಕ್ಯಾಮೆರಾ ಹೆಂಗಸರು ಮೀಯುವ ಕಡೆ ತಿರುಗಿದರೆ ಅಪಮಾನವಾಗುತ್ತದೆ. ಮೊಬೈಲ್ ಸಂದೇಶ ಎಷ್ಟೇ ಬರಲಿ, ಮೊಬೈಲ್ ಇಲ್ಲದ ಅಜ್ಜಿಗೆ ಮೈಕಿನ ಕೂಗೇ ದಿಕ್ಕು.

ಯಂತ್ರ ತಲೆ ಎಣಿಸೀತು. ಕುಡಿಯುವ ನೀರು, ನೆರಳು, ಶೌಚಾಲಯ, ಬಟ್ಟೆ ಬದಲಿಸಲು ಮರೆ ಎಲ್ಲೆಲ್ಲಿ ಬೇಕೆಂದು ಊರವರೇ ಹೇಳಬೇಕು. ಜಾತ್ರೆಯ ಪೂರ್ವಭಾವಿ ಸಭೆಯಲ್ಲಿ ಯಂತ್ರಗಳ ಪಟ್ಟಿಗೆ ಮೊದಲು ಈ ಪಟ್ಟಿ ಸಿದ್ಧವಾಗಲಿ. ಅದನ್ನು ಬರೆಯುವಾಗ ಹೆಂಗಸರನ್ನೂ ವೃದ್ಧರನ್ನೂ ಕೇಳಲಿ.