ಲೆಕ್ಕದ ಪುಸ್ತಕ ಸುಟ್ಟವರು
(ರಾಯಪುರಂ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ, ಬ್ಯಾಂಕಿನಲ್ಲಿ ಜಮೆ-ಖರ್ಚು ಬರೆಯುವ ಗುಮಾಸ್ತ. ಈ ವಿಷಯ ಆರಿಸಿಕೊಳ್ಳಲು ನನ್ನ ಮಗಳೇ ಕಾರಣ. ಶಾಲೆಯಲ್ಲಿ ಕಟ್ಟಬೊಮ್ಮನ ಪಾಠವಾದ ದಿನ ಮನೆಗೆ ಬಂದು, "ಅಪ್ಪಾ, ನಮ್ಮ ಕಡೆ ಇಂಥವರು ಯಾರೂ ಇರಲಿಲ್ಲವೆ?" ಎಂದಳು. ನನಗೆ ಹೆಸರು ಗೊತ್ತಿತ್ತು, ಕಥೆ ಹೇಳಲು ಬರಲಿಲ್ಲ. ಆ ನಾಚಿಕೆಯಿಂದ ಓದಲು ಕುಳಿತೆ.

ಸಂಗೊಳ್ಳಿ ರಾಯಣ್ಣ ದೊರೆಮಗನಲ್ಲ. ಶೇತಸನದಿ, ಅಂದರೆ ಊರ ಚಾಕರಿಗಾಗಿ ಹೊಲ ಪಡೆದವನು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸಾಹೇಬ ಬಿದ್ದ. ಆತ ಮದರಾಸು ಸಿವಿಲ್ ಸರ್ವಿಸಿನವನೇ. ಅವನನ್ನು ಸಾಕಿದ ಕೋಟೆ ನಮ್ಮ ಬೀದಿಗೆ ಏನು ದೂರ? ಡಿಸೆಂಬರಿನಲ್ಲಿ ಕಿತ್ತೂರೂ ಬಿತ್ತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ರಾಯಣ್ಣನ ಹೊಲ ಸರಕಾರದ ಪಾಲಾಯಿತು. 1830ರ ಆರಂಭದಲ್ಲಿ ಆತ ದತ್ತುಮಗ ಶಿವಲಿಂಗಪ್ಪನ ಹೆಸರಿನಲ್ಲಿ ಜನ ಕೂಡಿಸಿ ಬೀಡಿಯ ಕಚೇರಿಗೆ ಬೆಂಕಿ ಇಟ್ಟ. ಖಜಾನೆ ಲೂಟಿಮಾಡಿದ, ಕಾಗದಪತ್ರ ಸುಟ್ಟ.

ಇಲ್ಲಿ ನಾನು ಓದು ನಿಲ್ಲಿಸಿದೆ. ಒಂದು ವೋಚರು ಕಾಣದಿದ್ದರೆ ರಾತ್ರಿಯವರೆಗೂ ಹುಡುಕುವ ಉದ್ಯೋಗ ನನ್ನದು. ಕಡತ ಸುಡುವವನನ್ನು ಹೇಗೆ ಮೆಚ್ಚಲಿ? ಎರಡು ದಿನ ಯೋಚಿಸಿದೆ. ನಮ್ಮ ಖಾತೆದಾರನ ಕೈಯಲ್ಲಿ ಪಾಸ್‌ಬುಕ್ ಇರುತ್ತದೆ. ತಪ್ಪಿದ್ದರೆ ಬಂದು ಜಗಳವಾಡುತ್ತಾನೆ, ಆಡಲಿ. ಆ ರೈತನಿಗೆ ಏನಿತ್ತು? ಬರೆದವನೇ ವಸೂಲು ಮಾಡುವವನು, ತೀರ್ಪು ಹೇಳುವವನೂ ಅವನೇ. ಅಂಥ ಪುಸ್ತಕಕ್ಕೆ ಬೆಂಕಿ ಬಿದ್ದರೆ ಅದನ್ನು ದರೋಡೆಯೆನ್ನಲು ನನ್ನ ನಾಲಿಗೆ ಏಳದು.

ಹಿಡಿದುಕೊಟ್ಟವರು ನಮ್ಮವರೇ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಾಯಿತು. ಅಲ್ಲಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆಯವರು ತೊಟ್ಟಿಲು ಕಟ್ಟುತ್ತಾರೆ.

ನಮ್ಮ ರಾಯಪುರಂ ಸ್ಟೇಷನ್ನಿನಿಂದ ರೈಲು ಹೊರಟದ್ದು 1856ರಲ್ಲಿ. ಮರುವರ್ಷವೇ ಆಯುಧ ಒಪ್ಪಿಸಬೇಕೆಂಬ ಕಾಯಿದೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯವನಿಂದ ಆಯುಧ ಕಸಿದರೆ ಅನ್ನ ಕಸಿದ ಹಾಗೆಯೇ. ದಂಡು ಬಂದು ಊರು ಸುಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು.

ಇವರ ಲಾವಣಿಗಳನ್ನು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚುಮಾಡಿಸಿದವನು ಅದೇ ಸರಕಾರದ ಅಧಿಕಾರಿ ಫ್ಲೀಟ್! ಅವನ ಸಂಗ್ರಹದಲ್ಲಿ ಆದಾಯ ತೆರಿಗೆಯ ಮೇಲೊಂದು ಲಾವಣಿಯೂ ಇದೆ. (ಹಿಂದಿನ ಸಾಲಿನಲ್ಲಿ ನಕ್ಕವರು ಯಾರೆಂದು ನಾನು ನೋಡಲಿಲ್ಲ.)

ಅಚ್ಚಿನಲ್ಲಿ ಇದ್ದರಾಯಿತೆ? ನನಗೆ ಅದರ ಧಾಟಿ ಬಾರದು. ಓದಿ ಹೇಳಿದರೆ ಮಗಳು ಆಕಳಿಸುತ್ತಾಳೆ. ಬೆಳಗಾವಿ, ಬಾಗಲಕೋಟೆ ಕಡೆಯ ಹಿರಿಯರು ಈ ಸಭೆಯಲ್ಲಿದ್ದೀರಿ. ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಕೇಳಿದ ನಾಲ್ಕು ನುಡಿ ನಿಮ್ಮ ಬಾಯಲ್ಲಿ ಉಳಿದಿದ್ದರೆ, ಯಾವುದಾದರೊಂದು ಭಾನುವಾರ ನಮ್ಮ ಮನೆಗೆ ದಯಮಾಡಿಸಬೇಕು. ಕಾಫಿ ನಮ್ಮದು. ಕೇಳುವ ಮಕ್ಕಳನ್ನು ನಾನು ಕೂಡಿಸಿರುತ್ತೇನೆ.